ಶ್ರೀ ಭಟ್ಟಾಕಲಂಕದೇವರು ಮತ್ತು ವಾದಧರ್ಮ

ಮತಭೇದವಿಲ್ಲದ ಸಮಾಜವು ಲೋಕದಲ್ಲಿ ಎಲ್ಲಿಯೂ ಇಲ್ಲ. ಭೇದವು ತಲೆದೋರಿದಾಗ ಅದನ್ನು ಖಡ್ಗದಿಂದ ತೀರಿಸಿಕೊಳ್ಳುವರೋ, ಸಭೆಯ ನಡುವೆ ಹೇತು-ದೃಷ್ಟಾಂತಗಳಿಂದ ತೀರಿಸಿಕೊಳ್ಳುವರೋ ಎಂಬುದರಿಂದಲೇ ಆ ಸಮಾಜದ ಸಂಸ್ಕಾರವು ತಿಳಿದುಬರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಈ ನೆಲಕ್ಕೆ ಎರಡನೆಯ ಮಾರ್ಗವು ಅಪರಿಚಿತವಲ್ಲ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಇಂಡಿಯ ಸಮೀಪದ ಸಾಲೋಟಗಿಯಲ್ಲಿ ಸ್ಥಾಪಿಸಿದ ವಿದ್ಯಾಶಾಲೆಗೆ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರೆಂದು ಕ್ರಿ.ಶ. 945ರ ಶಾಸನವು ಸಾರುತ್ತದೆ. ಬಾಗೇವಾಡಿಯ ಬಸವೇಶ್ವರರು 12ನೆಯ ಶತಮಾನದಲ್ಲಿ ಕಲ್ಯಾಣದ ಶರಣಗೋಷ್ಠಿಯ ಮೂಲಕ ವಿಚಾರ ವಿನಿಮಯಕ್ಕೆ ಹೊಸ ಬಾಗಿಲನ್ನೇ ತೆರೆದರು. ಇವರೆಲ್ಲರಿಗಿಂತ ಮುಂಚೆ, 8ನೆಯ ಶತಮಾನದಲ್ಲಿ, ವಾದವೆಂಬುದಕ್ಕೆ ಒಂದು ಧರ್ಮವಿದೆಯೆಂದು ತೋರಿಸಿಕೊಟ್ಟ ಮಹನೀಯರು ಪ್ರಾತಃಸ್ಮರಣೀಯರಾದ ಭಟ್ಟಾಕಲಂಕದೇವರು.

ಅಕಲಂಕರೆಂಬ ಹೆಸರಿನವರು ಒಬ್ಬರೇ ಅಲ್ಲ. ಕ್ರಿ.ಶ. 1604ರಲ್ಲಿ ಕನ್ನಡಕ್ಕೆ ಶಬ್ದಾನುಶಾಸನವನ್ನು ಬರೆದ ಭಟ್ಟಾಕಲಂಕರು ಬೇರೆ. ನಾವು ಸ್ಮರಿಸುತ್ತಿರುವ ತಾರ್ಕಿಕ ಚಕ್ರವರ್ತಿಗಳು ಬೇರೆ. ಇವರ ಕಾಲವನ್ನು ಪಂಡಿತ ಮಹೇಂದ್ರಕುಮಾರ ನ್ಯಾಯಾಚಾರ್ಯರು ಸುಮಾರು ಕ್ರಿ.ಶ. 720ರಿಂದ 780 ಎಂದು ನಿರ್ಣಯಿಸಿದ್ದಾರೆ. ಇವರು ಸಾಹಸತುಂಗನೆಂಬ ಅರಸನ ಸಭೆಯಲ್ಲಿ ಮಾತನಾಡಿದರೆಂದು ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಕ್ರಿ.ಶ. 1129ರ ಮಲ್ಲಿಷೇಣ ಪ್ರಶಸ್ತಿಯು ಹೇಳುತ್ತದೆ. ಆ ಸಾಹಸತುಂಗನು ರಾಷ್ಟ್ರಕೂಟ ದಂತಿದುರ್ಗನೇ ಎಂಬುದು ಅನೇಕ ವಿದ್ವಾಂಸರ ಅಭಿಮತ.

ಇವರ ಬಾಲ್ಯದ ವೃತ್ತಾಂತವನ್ನು ಪ್ರಭಾಚಂದ್ರರ ಕಥಾಕೋಶವು ವಿವರಿಸುತ್ತದೆ. ಅದರಂತೆ ಮಾನ್ಯಖೇಟದ ಶುಭತುಂಗರಾಜನ ಮಂತ್ರಿ ಪುರುಷೋತ್ತಮನ ಇಬ್ಬರು ಮಕ್ಕಳೇ ಅಕಲಂಕ ಮತ್ತು ನಿಷ್ಕಲಂಕ. ಮಾನ್ಯಖೇಟವು ರಾಜಧಾನಿಯಾದದ್ದು ಅನಂತರದ ಕಾಲದಲ್ಲಾದುದರಿಂದ ಇದನ್ನು ಇತಿಹಾಸವೆನ್ನುವುದಕ್ಕಿಂತ ಪುಣ್ಯಕಥೆಯೆಂದು ಭಾವಿಸುವುದು ಉಚಿತ. ಅಷ್ಟಾಹ್ನಿಕ ಪರ್ವದಲ್ಲಿ ತಂದೆತಾಯಿಗಳು ಎಂಟು ದಿನಗಳ ಬ್ರಹ್ಮಚರ್ಯವನ್ನು ಸ್ವೀಕರಿಸುವಾಗ ಮಕ್ಕಳಿಗೂ ವಿನೋದಕ್ಕಾಗಿ ವ್ರತವನ್ನು ಕೊಡಿಸಿದರು. ಮುಂದೆ ವಿವಾಹದ ಮಾತು ಬಂದಾಗ, ತಮಗೆ ಕೊಡಿಸಿದ ವ್ರತಕ್ಕೆ ಅವಧಿಯನ್ನು ಹೇಳಿರಲಿಲ್ಲವೆಂದು ಸಹೋದರರು ವಿನಯದಿಂದ ನಿರಾಕರಿಸಿದರು.

ಪ್ರತಿವಾದಿಯ ಮತವನ್ನು ಅರಿಯದೆ ಖಂಡಿಸುವುದು ಅನ್ಯಾಯವೆಂದು ಬಗೆದು ಅವರು ವೇಷ ಮರೆಸಿಕೊಂಡು ಬೌದ್ಧ ವಿದ್ಯಾಪೀಠವನ್ನು ಸೇರಿದರು. ಗುಟ್ಟು ಬಯಲಾಗಲು ರಾತ್ರೋರಾತ್ರಿ ಓಡಬೇಕಾಯಿತು. ಒಂದೇ ಬಾರಿ ಕೇಳಿ ಗ್ರಹಿಸಬಲ್ಲ ಅಣ್ಣನು ಬದುಕಬೇಕೆಂದು ತಮ್ಮನು ಅವನನ್ನು ತಾವರೆಗೊಳದಲ್ಲಿ ಅಡಗಿಸಿ ತಾನು ಮುಂದೆ ಓಡಿದನು. ಬೆನ್ನಟ್ಟಿ ಬಂದ ಭಟರು ಅವನನ್ನೂ, ಏನೂ ಅರಿಯದೆ ಜೊತೆಯಲ್ಲಿ ಓಡಿದ ಅಗಸನೊಬ್ಬನನ್ನೂ ಕೊಂದರು. ವಾದದಿಂದ ತೀರಬೇಕಾದುದು ಖಡ್ಗದ ಕೈಗೆ ಸಿಕ್ಕಿದಾಗ ನಿರಪರಾಧಿಗಳೂ ಬಲಿಯಾಗುತ್ತಾರೆಂಬುದನ್ನು ಈ ಕಥೆಯು ಮರೆಮಾಚುವುದಿಲ್ಲ. ಆ ದುಃಖವನ್ನು ಹೊತ್ತ ಅಕಲಂಕರು ಶಸ್ತ್ರವನ್ನು ಬೇಡಲಿಲ್ಲ, ಸಭೆಯನ್ನು ಬೇಡಿದರು.

ಕಳಿಂಗದ ಹಿಮಶೀತಲರಾಜನ ರಾಣಿ ಮದನಸುಂದರಿಯು ಜಿನರಥಯಾತ್ರೆಯನ್ನು ನಡೆಸಬಯಸಿದಾಗ ಬೌದ್ಧಾಚಾರ್ಯರು ಆಕ್ಷೇಪಿಸಿದರು. ವಾದದಲ್ಲಿ ಗೆದ್ದರೆ ಯಾತ್ರೆಯೆಂದು ಅರಸನು ವಿಧಿಸಿದನು. ತೆರೆಯ ಹಿಂದಿನಿಂದ ಆರು ತಿಂಗಳು ವಾದವು ನಡೆಯಿತು. ಅಲ್ಲಿ ಕುಂಭದೊಳಗೆ ತಾರಾದೇವಿಯೇ ನುಡಿಯುತ್ತಿದ್ದಳಂತೆ. ಹೇಳಿದುದನ್ನೇ ಮತ್ತೊಮ್ಮೆ ಹೇಳಬೇಕೆಂದು ಅಕಲಂಕರು ಕೇಳಿದಾಗ ಉತ್ತರ ಬರಲಿಲ್ಲ. ಅವರು ತೆರೆಯನ್ನು ಸರಿಸಿ ಕುಂಭವನ್ನು ಒಡೆದರು. ಕುಂಭದ ಪವಾಡವನ್ನು ಹೇಗಾದರೂ ತಿಳಿಯಬಹುದು. ತೆರೆಯ ಮರೆಯ ಮಾತಿಗೆ ಸಭೆಯಲ್ಲಿ ಬೆಲೆಯಿಲ್ಲವೆಂಬ ತತ್ತ್ವವಂತೂ ಸ್ಪಷ್ಟವಾಗಿದೆ. ಅಹಂಕಾರದಿಂದಲ್ಲ, ದ್ವೇಷದಿಂದಲ್ಲ, ಜನರ ಮೇಲಣ ಕರುಣೆಯಿಂದ ಹೀಗೆ ಮಾಡಿದೆನೆಂದು ಅವರು ನುಡಿದಂತೆ ಮಲ್ಲಿಷೇಣ ಪ್ರಶಸ್ತಿಯು ಚಿತ್ರಿಸಿದೆ.

ಈ ಕಥೆಗಳನ್ನು ಹೇಳಿದವರು ಗೆದ್ದ ಪಕ್ಷದವರೆಂಬುದನ್ನು ನಾವು ಮರೆಯಲಾಗದು. ಆದುದರಿಂದ ಅಕಲಂಕರ ನಿಜವಾದ ಹಿರಿಮೆಯನ್ನು ಅವರ ಗ್ರಂಥಗಳಲ್ಲಿಯೇ ಅರಸಬೇಕು. ವಾದಿ, ಪ್ರತಿವಾದಿ, ಸಭ್ಯರು, ಸಭಾಪತಿ ಎಂಬ ನಾಲ್ಕು ಅಂಗಗಳಿಂದ ವಾದವು ಪೂರ್ಣವಾಗುತ್ತದೆಂದು ಅವರು ಸಿದ್ಧಿವಿನಿಶ್ಚಯದಲ್ಲಿ ನಿರೂಪಿಸಿದರು. ಛಲ, ಜಾತಿ ಮೊದಲಾದ ಕುಟಿಲೋಪಾಯಗಳಿಗೂ ಎಡೆಯುಂಟೆಂದು ನೈಯಾಯಿಕರು ಒಪ್ಪಿದ್ದರು. ಮಾತಿನ ನ್ಯೂನತೆಯಿಂದಲೇ ಸೋಲೆಂದು ಬೌದ್ಧ ಧರ್ಮಕೀರ್ತಿಯು ವಿಧಿಸಿದ್ದನು. ಅಕಲಂಕರು ಎರಡನ್ನೂ ಒಪ್ಪಲಿಲ್ಲ. ತನ್ನ ಪಕ್ಷವನ್ನು ಪ್ರಮಾಣಪೂರ್ವಕವಾಗಿ ಸ್ಥಾಪಿಸಿದವನಿಗೇ ಜಯ. ಎದುರಾಳಿಯು ತಡವರಿಸಿದ ಮಾತ್ರಕ್ಕೆ ಜಯವಿಲ್ಲ. ಸ್ವಪಕ್ಷವೇ ಇಲ್ಲದೆ ಪರರನ್ನು ಹಳಿಯುವ ವಿತಂಡವು ವಾದದ ಆಭಾಸ ಮಾತ್ರ.

ಅವರ ಉತ್ತರದ ಬಗೆಗೆ ಒಂದು ನಿದರ್ಶನ ಸಾಕು. ವಸ್ತುವು ಅನೇಕಾಂತಾತ್ಮಕವಾದರೆ ಮೊಸರನ್ನು ತಿನ್ನೆಂದು ಹೇಳಿಸಿಕೊಂಡವನು ಒಂಟೆಯ ಕಡೆಗೇಕೆ ಓಡುವುದಿಲ್ಲವೆಂದು ಧರ್ಮಕೀರ್ತಿಯು ಹಾಸ್ಯಮಾಡಿದ್ದನು. ಸುಗತನು ಹಿಂದಿನ ಜನ್ಮವೊಂದರಲ್ಲಿ ಮೃಗವಾಗಿದ್ದನೆಂಬುದು ಬೌದ್ಧರಿಗೂ ಸಮ್ಮತವಷ್ಟೆ. ಆದರೂ ಜನರು ಸುಗತನನ್ನು ವಂದಿಸುತ್ತಾರೆ, ಮೃಗವನ್ನು ಆಹಾರವಾಗಿ ಕಾಣುತ್ತಾರೆ. ಪರ್ಯಾಯಭೇದದಿಂದ ವ್ಯವಹಾರಭೇದವು ಅಲ್ಲಿ ಹೇಗೋ ಇಲ್ಲಿಯೂ ಹಾಗೆ ಎಂಬುದು ನ್ಯಾಯವಿನಿಶ್ಚಯದ ಸಮಾಧಾನ. ಎದುರಾಳಿಯು ಒಪ್ಪಿದ ನೆಲೆಯಿಂದಲೇ ಉತ್ತರವಿದೆ.

ಸಮಾನಭೂಮಿಕೆಯಿಲ್ಲದೆ ಸಂವಾದವು ಸಾಗದೆಂಬುದನ್ನೂ ಅವರು ಬಲ್ಲರು. ಆಗಮವು ಇಂದ್ರಿಯಜ್ಞಾನವನ್ನು ಪರೋಕ್ಷವೆಂದಿತ್ತು, ಅನ್ಯದರ್ಶನಗಳು ಪ್ರತ್ಯಕ್ಷವೆನ್ನುತ್ತಿದ್ದವು. ಅದನ್ನು ಸಾಂವ್ಯವಹಾರಿಕ ಪ್ರತ್ಯಕ್ಷವೆಂದು ಲಘೀಯಸ್ತ್ರಯದಲ್ಲಿ ವ್ಯವಸ್ಥೆಗೊಳಿಸಿ, ಆಗಮಕ್ಕೆ ಭಂಗ ಬಾರದಂತೆ ಪರರೊಡನೆ ಮಾತಿಗೆ ದಾರಿಮಾಡಿದರು. ತತ್ತ್ವಾರ್ಥ ರಾಜವಾರ್ತಿಕ, ಸಮಂತಭದ್ರರ ಆಪ್ತಮೀಮಾಂಸೆಗೆ ಅಷ್ಟಶತೀ, ಪ್ರಮಾಣಸಂಗ್ರಹ ಇವು ಅವರ ಇತರ ಕೃತಿಗಳು. ವಿದ್ಯಾನಂದರ ಅಷ್ಟಸಹಸ್ರಿಯೂ ವಾದಿರಾಜರ ನ್ಯಾಯವಿನಿಶ್ಚಯ ವಿವರಣವೂ ಆ ಅಡಿಪಾಯದ ಮೇಲೆ ನಿಂತ ಸೌಧಗಳು.

ಹಿಮಶೀತಲನ ಸಭೆ ಇಂದಿಲ್ಲ. ಆದರೆ ಊರ ಚಾವಡಿಯಲ್ಲಿ, ಸಂಘದಲ್ಲಿ, ಮನೆಯಲ್ಲಿ ಭಿನ್ನಾಭಿಪ್ರಾಯಗಳು ಇದ್ದೇ ಇವೆ. ಎದುರಿನವನ ಮತವನ್ನು ಅರಿತು, ತೆರೆಯನ್ನು ಸರಿಸಿ, ಛಲವನ್ನು ತೊರೆದು, ಕರುಣೆಯಿಂದ ಮಾತನಾಡಿದರೆ ಅದೇ ಅಕಲಂಕದೇವರಿಗೆ ಸಲ್ಲಿಸುವ ಅರ್ಘ್ಯ. ಬಸದಿಯಲ್ಲಿ ಬಿಂಬವು ಪ್ರತಿಷ್ಠೆಗೊಳ್ಳುವ ಈ ಶುಭಸಂದರ್ಭದಲ್ಲಿ ನಮ್ಮ ಹೃದಯಗಳಲ್ಲಿ ಸ್ಯಾದ್ವಾದವೂ ಪ್ರತಿಷ್ಠೆಗೊಳ್ಳಲಿ.