ಹಣ ಬೇಕು, ಆದ್ರೆ ಷರತ್ತು ಬೇಡ ಎಂದ ಕುಲಪತಿ

ಸರ್ ಸಿ.ವಿ. ರಾಮನ್ ಯಾರು ಅಂತ ನಮಗೆಲ್ಲ ಗೊತ್ತು. ಆದ್ರೆ ಸರ್ಕಾರದ ಹಣಕಾಸು ಇಲಾಖೆಯಲ್ಲಿ ಲೆಕ್ಕ ನೋಡಿಕೊಂಡಿದ್ದ ಅವರನ್ನು ಪ್ರೊಫೆಸರ್ ಮಾಡಿದ್ದು ಯಾರು? ಆ ಹುದ್ದೆಗೆ ದುಡ್ಡು ಎಲ್ಲಿಂದ ಬಂತು? ಹುಡುಕುತ್ತಾ ಹೋದ್ರೆ ಸಿಗೋ ಹೆಸರು ಸರ್ ಆಶುತೋಷ್ ಮುಖರ್ಜಿ.

ಆಶುತೋಷರು ಹುಟ್ಟಿದ್ದು 1864ರ ಜೂನ್ 29ರಂದು, ಕಲ್ಕತ್ತೆಯಲ್ಲಿ. ತಂದೆ ಗಂಗಾಪ್ರಸಾದ್ ವೈದ್ಯರು. ಮಗನಿಗೆ ಗಣಿತದ ಹುಚ್ಚು. ವಿದ್ಯಾರ್ಥಿಯಾಗಿದ್ದಾಗಲೇ ಇಂಗ್ಲೆಂಡಿನ ಗಣಿತ ಪತ್ರಿಕೆಗಳಲ್ಲಿ ಅವರ ಲೇಖನಗಳು ಬಂದವು. ಆದರೆ ಗಣಿತದ ಸಂಶೋಧನೆಯನ್ನೇ ನಂಬಿ ಬದುಕುವಂಥ ಹುದ್ದೆ ಆಗ ನಮ್ಮ ದೇಶದಲ್ಲಿ ಎಲ್ಲಿತ್ತು? ಅವರು ವಕೀಲರಾದರು, 1904ರಲ್ಲಿ ಹೈಕೋರ್ಟ್ ನ್ಯಾಯಾಧೀಶರಾದರು. ತಮಗೆ ಸಿಗದೇ ಹೋದದ್ದನ್ನು ಮುಂದಿನವರಿಗೆ ಕಟ್ಟಿಕೊಟ್ಟದ್ದೇ ಅವರ ಜೀವನದ ದೊಡ್ಡ ಕೆಲಸ.

1906ರಿಂದ 1914ರವರೆಗೆ ಅವರು ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿ. ಅಲ್ಲಿವರೆಗೆ ಅದು ಹೆಚ್ಚಾಗಿ ಪರೀಕ್ಷೆ ನಡೆಸಿ ಪದವಿ ಕೊಡೋ ಸಂಸ್ಥೆ. ಅಲ್ಲೇ ಪಾಠ, ಅಲ್ಲೇ ಸಂಶೋಧನೆ ಆಗಬೇಕು ಅನ್ನೋದು ಇವರ ಹಟ. ಆದರೆ ಸರ್ಕಾರದ ಕೈ ಬಿಗಿ. ಆಗ ನೆರವಿಗೆ ಬಂದವರು ಇಬ್ಬರು ವಕೀಲರು. 1912ರಲ್ಲಿ ತಾರಕನಾಥ ಪಾಲಿತ್ ಸುಮಾರು 15 ಲಕ್ಷ ರೂಪಾಯಿ ಬೆಲೆಯ ಹಣ, ಆಸ್ತಿ ಕೊಟ್ಟರು. ಮರುವರ್ಷ ರಾಸಬಿಹಾರಿ ಘೋಷ್ 10 ಲಕ್ಷ ಕೊಟ್ಟರು. ಈ ಪೀಠಗಳಿಗೆ ಭಾರತೀಯರೇ ಬರಬೇಕು ಅನ್ನೋದು ದಾನಿಗಳ ಕಟ್ಟಳೆ. 1914ರ ಮಾರ್ಚ್ 27ರಂದು ವಿಜ್ಞಾನ ಕಾಲೇಜಿಗೆ ಅಡಿಗಲ್ಲು ಬಿತ್ತು.

ಹಣ ಬಂದ ಮೇಲೆ ಅದಕ್ಕೆ ತಕ್ಕ ಜನ ಬೇಕಲ್ಲ! ರಸಾಯನಶಾಸ್ತ್ರಕ್ಕೆ ಪ್ರಫುಲ್ಲಚಂದ್ರ ರಾಯ್ ಬಂದರು. ಭೌತಶಾಸ್ತ್ರಕ್ಕೆ ರಾಮನ್. ಪಾಲಿತ್ ಪೀಠಕ್ಕೆ ಬರುವವರು ಮೊದಲು ವಿದೇಶದಲ್ಲಿ ತರಬೇತಿ ಪಡೆಯಬೇಕು ಎಂಬ ನಿಯಮಕ್ಕೆ ರಾಮನ್ ಒಪ್ಪಲಿಲ್ಲ. ಆಶುತೋಷರು ನಿಯಮವನ್ನೇ ಸಡಿಲಿಸಿದರು. 1917ರಲ್ಲಿ ರಾಮನ್ ಹೆಚ್ಚು ಸಂಬಳದ ಸರ್ಕಾರಿ ಕೆಲಸ ಬಿಟ್ಟು ಬಂದರು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಹಾ ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗರು; ಅವರಿಗೂ ಇಲ್ಲೇ ಕೆಲಸ ಸಿಕ್ಕಿತು.

ಮೈಸೂರಿಗೂ ಇವರ ನಂಟಿದೆ. 1918ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮೊದಲ ಘಟಿಕೋತ್ಸವ ಭಾಷಣ ಮಾಡಿದವರು ಇವರೇ. ನಮ್ಮ ಮಹಾರಾಜಾ ಕಾಲೇಜಿನಲ್ಲಿದ್ದ ರಾಧಾಕೃಷ್ಣನ್ ಅವರನ್ನು 1921ರಲ್ಲಿ ಕಲ್ಕತ್ತೆಗೆ ಕರೆಸಿಕೊಂಡವರೂ ಇವರೇ.

ಅದೇ ವರ್ಷ ಆಶುತೋಷರು ಮತ್ತೆ ಕುಲಪತಿಯಾದರು. ಆಗ ಖಜಾನೆ ಬರಿದು, ಅಧ್ಯಾಪಕರ ಸಂಬಳ ಬಾಕಿ. 1922ರಲ್ಲಿ ಬಂಗಾಳ ಸರ್ಕಾರ ಎರಡೂವರೆ ಲಕ್ಷ ಕೊಡ್ತೀವಿ ಅಂತು. ಜೊತೆಗೇ ಷರತ್ತುಗಳೂ ಬಂದವು: ಹಣಕಾಸಿನ ಮೇಲೆ ಸರ್ಕಾರದ ಹಿಡಿತ ಇರಬೇಕು, ಪರಿಸ್ಥಿತಿ ಸುಧಾರಿಸೋವರೆಗೆ ಖರ್ಚಿನ ಹೊಸ ವಿಸ್ತರಣೆ ಕೂಡದು. ಇದು ಸುಲಭದ ನಿರ್ಧಾರ ಆಗಿರಲಿಲ್ಲ. ಬೇಡ ಅಂದ್ರೆ ಉಪವಾಸ ಬೀಳೋದು ಕುಲಪತಿಯ ಮನೆಯಲ್ಲ, ಸಂಬಳ ಕಾಯ್ತಿದ್ದ ಮೇಷ್ಟ್ರುಗಳ ಮನೆ. ಲೆಕ್ಕ ಕೇಳುವ ಹಕ್ಕು ಸರ್ಕಾರಕ್ಕೂ ಇತ್ತು ಅನ್ನಿ. ಆದರೆ ಯಾವ ವಿಷಯ ಬೆಳೆಯಬೇಕು ಅನ್ನೋದನ್ನು ಹಣ ಕೊಟ್ಟವರೇ ತೀರ್ಮಾನಿಸಿದರೆ ವಿಶ್ವವಿದ್ಯಾಲಯ ಇನ್ನೊಂದು ಸರ್ಕಾರಿ ಕಚೇರಿ ಆಗುತ್ತೆ ಅಂತ ಆಶುತೋಷರು ವಾದಿಸಿದರು. ಸೆನೆಟ್ ಅವರ ಜೊತೆ ನಿಂತು ಆ ಷರತ್ತುಗಳನ್ನು ತಿರಸ್ಕರಿಸಿತು.

1923ರಲ್ಲಿ ಗವರ್ನರ್ ಲಿಟ್ಟನ್, ಸರ್ಕಾರದ ಜೊತೆ ಸಹಕರಿಸುವುದಾದರೆ ಮತ್ತೆ ಕುಲಪತಿ ಮಾಡ್ತೀನಿ ಅಂತ ಪತ್ರ ಬರೆದರು. ಆಶುತೋಷರು ಖಾರವಾಗಿಯೇ ಉತ್ತರ ಕೊಟ್ಟು ಹುದ್ದೆ ಬೇಡವೆಂದರು. ಮರುವರ್ಷ ಮೇ 25ರಂದು, ಮೊಕದ್ದಮೆಯೊಂದರ ವಾದಕ್ಕೆಂದು ಹೋಗಿದ್ದ ಪಾಟ್ನಾದಲ್ಲೇ ತೀರಿಕೊಂಡರು. ರಾಮನ್ ಪರಿಣಾಮವನ್ನಾಗಲಿ ನೊಬೆಲನ್ನಾಗಲಿ ಅವರು ನೋಡಲಿಲ್ಲ.

ಫಲ ಕಾಣದಿದ್ದರೂ ಗಿಡಕ್ಕೆ ನೀರು ಹಾಕುವವರು ಇರ್ತಾರೆ. ಮುಂದಿನ ಸಲ ರಾಮನ್ ಹೆಸರು ಕೇಳಿದಾಗ, ಅವರ ಪೀಠಕ್ಕೆ ದುಡ್ಡು ಹೊಂದಿಸಿದ ಈ ಗಣಿತದ ಮೇಷ್ಟ್ರಾಗದ ನ್ಯಾಯಾಧೀಶರನ್ನೂ ಒಮ್ಮೆ ನೆನೆಯೋಣ.