ಸುರಪುರದ ರಾಜಾ ವೆಂಕಟಪ್ಪ ನಾಯಕರು



ಇಂಗ್ಲಿಷ್ ಪಾಠದಲ್ಲಿ ‘ಕಾನ್ಸ್ಪಿರಸಿ’ ಎಂಬ ಶಬ್ದ ಬಂತು. ಹಾಗಂದ್ರೆ ಒಳಸಂಚು, ಪಿತೂರಿ. ನಮ್ಮ ಕಡೆ ಮಸಲತ್ತು ಅಂತಾರ. ಇದು ಲ್ಯಾಟಿನ್ ಭಾಷೆಯಿಂದ ಬಂದದ್ದು. ಅಲ್ಲಿ ಇದರ ಮೂಲ ಅರ್ಥ ಕೂಡಿ ಉಸಿರಾಡುವುದು. ಇದನ್ನು ಓದಿದಾಗ ನನಗೆ ನಮ್ಮ ಜಿಲ್ಲೆಯ ಸುರಪುರದ ರಾಜಾ ವೆಂಕಟಪ್ಪ ನಾಯಕರು ನೆನಪಾದರು. ಇಂಗ್ಲಿಷರ ಕಣ್ಣಿಗೆ ಅವರೂ ಪಿತೂರಿ ಮಾಡಿದವರೇ.

ವೆಂಕಟಪ್ಪ ನಾಯಕರು ಬೇಡರ ದೊರೆ. ತಂದೆ ಕೃಷ್ಣಪ್ಪ ನಾಯಕರು, ತಾಯಿ ರಾಣಿ ಈಶ್ವರಮ್ಮ. ತಂದೆ ತೀರಿಕೊಂಡಾಗ ಇವರು ಇನ್ನೂ ಸಣ್ಣ ಹುಡುಗ. ಆಗ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ ಸುರಪುರದ ಕಾರಭಾರ ನೋಡುತ್ತಿದ್ದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಗೆ ಟೇಲರ್ ಮಂಜಿಲ್ ಅಂತಾರ. ಬಾಲರಾಜ ಅವನನ್ನು ಅಪ್ಪಾ ಎಂದೇ ಕರೀತಿದ್ದ. 1853ರಲ್ಲಿ ರಾಜ್ಯ ನಾಯಕರ ಕೈಗೆ ಬಂತು. ಟೇಲರ್ ಹೊರಟುಹೋದ.

1857ರಲ್ಲಿ ಉತ್ತರದ ಕಡೆ ಸಿಪಾಯಿಗಳು ಇಂಗ್ಲಿಷರ ವಿರುದ್ಧ ಎದ್ದರು. ನಾಯಕರೂ ಸುರಪುರದಲ್ಲಿ ದಂಡು ಕೂಡಿಸಿದರು. 1858ರ ಫೆಬ್ರುವರಿಯಲ್ಲಿ ಬೇಡರ ಪಡೆ ಇಂಗ್ಲಿಷರ ಠಾಣ್ಯದ ಮೇಲೆ ರಾತ್ರಿ ಬಿತ್ತು. ಆ ಯುದ್ಧದಲ್ಲಿ ನ್ಯೂಬೆರಿ ಎಂಬ ಕ್ಯಾಪ್ಟನ್ ಸತ್ತ. ಆದರೆ ಇಂಗ್ಲಿಷರಿಗೆ ಇನ್ನೂ ದಂಡು ಬರುವುದಿತ್ತು. ನಾಯಕರು ಹೈದರಾಬಾದಿಗೆ ಹೋದರು. ಅಲ್ಲಿ ಸಿಕ್ಕಿಬಿದ್ದರು.

ಟೇಲರ್ ಜೈಲಿಗೆ ಬಂದು ಅವರನ್ನು ಕಂಡ. ನಿನ್ನ ಜೊತೆ ಯಾರ್ಯಾರು ಇದ್ರು, ಹೆಸರು ಹೇಳು ಅಂತ ಕೇಳಿದ. ಹೇಳಿದ್ದರೆ ಶಿಕ್ಷೆ ಕಡಿಮೆ ಆಗಬಹುದಿತ್ತು. ಅಪ್ಪಾ ಅಂತ ಕರೆದವನೇ ಕೇಳಿದರೂ ನಾಯಕರು ಒಂದು ಹೆಸರೂ ಹೇಳಲಿಲ್ಲ. ಇದನ್ನು ಟೇಲರ್ ತಾನೇ ತನ್ನ ಆತ್ಮಕಥೆಯಲ್ಲಿ ಬರೆದಾನ.

ಮೊದಲು ಮರಣದಂಡನೆ ಆಗಿತ್ತು. ಕೊನೆಗೆ ಅದನ್ನು 4 ವರ್ಷದ ಸೆರೆವಾಸಕ್ಕೆ ಇಳಿಸಿದರು. ಮದ್ರಾಸಿನ ಕಡೆಗೆ ಒಯ್ಯುವಾಗ ದಾರಿಯಲ್ಲೇ ಪಿಸ್ತೂಲಿನ ಗುಂಡು ತಗುಲಿ ನಾಯಕರು ತೀರಿಕೊಂಡರು. ಆಗ ಅವರಿಗೆ ಇನ್ನೂ ಇಪ್ಪತ್ನಾಲ್ಕರ ಆಸುಪಾಸು. 1860ರಲ್ಲಿ ಸುರಪುರ ನಿಜಾಮರಿಗೆ ಹೋಯಿತು.

ಹೋದ ತಿಂಗಳು ನಾವು ನಾಲ್ಕು ಮಂದಿ ಹುಣಸೆಕಾಯಿ ಕದ್ದಿದ್ದೆವು. ಛಡಿ ನೋಡಿದ ಕೂಡಲೇ ನಾನು ಮೂವರ ಹೆಸರೂ ಹೇಳಿಬಿಟ್ಟೆ. ಕದ್ದದ್ದು ತಪ್ಪು, ಅದನ್ನು ಒಪ್ಪಬೇಕು, ಖರೆ. ಆದರೆ ನನ್ನ ತಪ್ಪು ಒಪ್ಪೋದು ಬಿಟ್ಟು ಗೆಳತಿಯರನ್ನು ಮುಂದೆ ಮಾಡಿದೆ. ನಾಯಕರ ಚರಿತ್ರೆ ಓದಿದ ಮೇಲೆ ನನಗೆ ನಾಚಿಕೆ ಆಯಿತು. ಇಂಗ್ಲಿಷರು ಪಿತೂರಿ ಅಂದದ್ದನ್ನ ನಮ್ಮ ಮಂದಿ ಸ್ವಾತಂತ್ರ್ಯದ ಹೋರಾಟ ಅಂತಾರ. ಕೂಡಿ ಉಸಿರಾಡಿದವರನ್ನು ನಾಯಕರು ಕೊನೆಯ ಉಸಿರಿನ ತನಕ ಕೈಬಿಡಲಿಲ್ಲ. ಗೆಳತಿಯರೇ, ನನ್ನನ್ನು ಕ್ಷಮಿಸಿರಿ.