ತಂತಿಯಿಲ್ಲದೆ ಗೋಡೆ ದಾಟಿಸಿದ ಬೋಸ್

ಹಳೆಯ ಅಪಾರ್ಟ್‌ಮೆಂಟ್‌ಗಳ ಮೆಟ್ಟಿಲ ಕೆಳಗೆ ಫೋನ್ ತಂತಿಗಳ ಡಬ್ಬಿ ನೋಡಿರಬಹುದು. ಅಲ್ಲಿಂದ ಪ್ರತಿ ಮನೆಗೂ ಒಂದು ಜೋಡಿ ತಾಮ್ರದ ತಂತಿ. ಇಲಿ ಕಡಿದರೆ, ತೇವ ಹಿಡಿದರೆ ಮನೆಯ ಫೋನ್ ಬಂದ್. ಈಗ ಫೈಬರ್ ಬಂದಿದೆ, ಮನೆಯೊಳಗಿನ ಕೆಲಸ ವೈಫೈ ಪಾಲಿಗೆ. ಗೋಡೆ ಕೊರೆಯದೆ ಗೋಡೆ ದಾಟಬಹುದೆಂದು ನಮ್ಮ ದೇಶದಲ್ಲಿ 19ನೇ ಶತಮಾನದಲ್ಲೇ ಜನರೆದುರು ಮಾಡಿ ತೋರಿಸಿದವರು ಜಗದೀಶ್ ಚಂದ್ರ ಬೋಸ್. ಶಾಲೆಯಲ್ಲಿ ನಾವು ಅವರನ್ನು ಓದಿದ್ದು ಗಿಡಗಳ ವಿಜ್ಞಾನಿ ಎಂದು ಮಾತ್ರ.

1858ರ ನವೆಂಬರ್ 30ರಂದು ಬಂಗಾಳದಲ್ಲಿ ಹುಟ್ಟಿದರು. ತಂದೆ ಸರ್ಕಾರಿ ಅಧಿಕಾರಿಯಾಗಿದ್ದರೂ ಮಗನನ್ನು ಮೊದಲು ಸೇರಿಸಿದ್ದು ಬಂಗಾಳಿ ಶಾಲೆಗೆ. ಕನ್ನಡ ಮಾಧ್ಯಮದಿಂದ ಬಂದು ಬಿ.ಇ. ಮೊದಲ ಸೆಮಿಸ್ಟರ್‌ನಲ್ಲಿ ಬೆವರುವ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ. ಲಂಡನ್ನಿನಲ್ಲಿ ವೈದ್ಯಕೀಯ ಓದಲು ಹೋದವರು ಅನಾರೋಗ್ಯದಿಂದ ಅದನ್ನು ಬಿಟ್ಟು, ಕೇಂಬ್ರಿಜ್‌ನಲ್ಲಿ ವಿಜ್ಞಾನ ಓದಿದರು.

1885ರಲ್ಲಿ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದರು. ಅಲ್ಲಿ ಭಾರತೀಯರಿಗೆ ಇಂಗ್ಲಿಷರ ಸಂಬಳದ ಮೂರರಲ್ಲಿ ಎರಡು ಪಾಲು. ಹುದ್ದೆ ತಾತ್ಕಾಲಿಕ, ಹಾಗಾಗಿ ಬೋಸ್‌ಗೆ ಅದರಲ್ಲೂ ಅರ್ಧ. ಅತಿಥಿ ಉಪನ್ಯಾಸಕರ ಪಾಡು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಮನೆಯಲ್ಲಿ ತಂದೆಯ ಸಾಲವಿತ್ತು. ಆದರೂ ಮೂರು ವರ್ಷ ಪಾಠ ಮಾಡುತ್ತಲೇ ಸಂಬಳ ಮುಟ್ಟಲಿಲ್ಲ. ಕೊನೆಗೆ ಸರ್ಕಾರ ಬಾಕಿ ಸಹಿತ ಪೂರ್ತಿ ಸಂಬಳ ಕೊಟ್ಟಿತು.

ಪ್ರಯೋಗಾಲಯವೆಂದರೆ 24 ಚದರ ಅಡಿಯ ಒಂದು ಕೋಣೆ. ಉಪಕರಣ ಮಾಡಲು ನೆರವಾದವನು ತಗಡು ಕೆಲಸದವನು. 1895ರಲ್ಲಿ ಕಲ್ಕತ್ತಾದ ಟೌನ್ ಹಾಲ್‌ನಲ್ಲಿ ಬೋಸ್ ಕಳಿಸಿದ ಅಲೆ, ಲೆಫ್ಟಿನೆಂಟ್ ಗವರ್ನರ್ ಅವರ ದೇಹವನ್ನೂ ಗೋಡೆಗಳನ್ನೂ ದಾಟಿ, 75 ಅಡಿ ದೂರದಲ್ಲಿ ಗಂಟೆ ಬಾರಿಸಿತು, ಮದ್ದು ಸಿಡಿಸಿತು. ನಡುವೆ ತಂತಿ ಇರಲಿಲ್ಲ.

ಅವರ ಪ್ರಯೋಗಗಳಲ್ಲಿ ತರಂಗಾಂತರ 5 ಮಿಲಿಮೀಟರ್‌ವರೆಗೂ ಇಳಿದಿತ್ತು, ಅಂದರೆ 60 ಗಿಗಾಹರ್ಟ್ಸ್. ಅಲೆ ಚಿಕ್ಕದಾದರೆ ಪಟ್ಟಕ, ಮಸೂರದ ಪ್ರಯೋಗಗಳೆಲ್ಲ ಒಂದೇ ಮೇಜಿನ ಮೇಲೆ ಸಾಧ್ಯ. ಆದರೆ ಚಿಕ್ಕ ಅಲೆಗೆ ಗೋಡೆ ದಾಟುವುದು ಕಷ್ಟ. ನಮ್ಮ ಕಡೆಯ ಶಹಾಬಾದ್ ಕಲ್ಲಿನ ದಪ್ಪ ಗೋಡೆಯ ಮನೆಗಳಲ್ಲಿ 2.4 ಗಿಗಾಹರ್ಟ್ಸ್ ವೈಫೈ ಹೇಗೋ ಪಕ್ಕದ ಕೋಣೆ ಮುಟ್ಟಿದರೂ 5 ಗಿಗಾಹರ್ಟ್ಸ್ ಸೋಲುವುದು ಇದೇ ಕಾರಣಕ್ಕೆ.

1896ರಲ್ಲಿ ಮಾರ್ಕೋನಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಬೋಸ್‌ಗೆ ಆ ದಾರಿ ಹಿಡಿಸಲಿಲ್ಲ. 1901ರಲ್ಲಿ ಆಪ್ತರ ಒತ್ತಾಯಕ್ಕೆ ಅಮೆರಿಕದಲ್ಲಿ ಅರ್ಜಿ ಹಾಕಿ, 1904ರಲ್ಲಿ ಪೇಟೆಂಟ್ ಸಿಕ್ಕರೂ ಅದರಿಂದ ಹಣ ಮಾಡಲಿಲ್ಲ, ಅವಧಿ ಮುಗಿಯಲು ಬಿಟ್ಟರು. ಅವರ ನಿಲುವಿನ ಮೇಲೆ ಗೌರವವಿದೆ, ಪೂರ್ತಿ ಒಪ್ಪಿಗೆಯಿಲ್ಲ. ಮೂರು ವರ್ಷ ಸಂಬಳಕ್ಕಾಗಿ ಹಟ ಹಿಡಿದವರು ಇಲ್ಲೂ ತಮ್ಮ ಪಾಲು ಕೇಳಬಹುದಿತ್ತು. ಆ ಹಣದಲ್ಲಿ ಇನ್ನೊಬ್ಬ ಬಡ ಹುಡುಗನಿಗೆ 24 ಚದರ ಅಡಿಗಿಂತ ದೊಡ್ಡ ಕೋಣೆ ಸಿಗುತ್ತಿತ್ತೇನೋ.

ಮುಂದೆ ಗಿಡಗಳತ್ತ ಹೊರಳಿದರು. 1917ರಲ್ಲಿ ಕಲ್ಕತ್ತಾದಲ್ಲಿ ಬೋಸ್ ಸಂಶೋಧನಾ ಸಂಸ್ಥೆ ಕಟ್ಟಿದರು. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ತೀರಿಕೊಂಡರು. 60 ಗಿಗಾಹರ್ಟ್ಸ್ ವೈಫೈಗೆ ಅಂತರರಾಷ್ಟ್ರೀಯ ಮಾನದಂಡ ಪ್ರಕಟವಾದದ್ದು 2012ರಲ್ಲಿ.